ಮೂರು ಪ್ಲಸ್ ಅಂದರೆ ಮೂರನೇ ಸ್ಟೇಜ್ ಅಲ್ಲ

ನಮ್ಮ ಲ್ಯಾಬಿನಲ್ಲಿ ರಿಪೋರ್ಟ್ ಕೊಡುವ ಕಿಟಕಿಯ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಕೈಯಲ್ಲಿ ತಾಯಿಯ ರಿಪೋರ್ಟ್. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಅಳು ತಡೆದುಕೊಂಡು ಕೇಳಿದಳು: “ಹರ್-2 ಮೂರು ಪ್ಲಸ್ ಅಂತ ಬರೆದಿದ್ದೀರಲ್ಲ, ಅಂದ್ರೆ ಅಮ್ಮಂಗೆ ಮೂರನೇ ಸ್ಟೇಜಾ?” ಅಲ್ಲ ಎಂದೆ. ಯಾಕೆ ಅಲ್ಲ ಅಂತ ಹೇಳುವುದು ಕಿಟಕಿಯ ಬಳಿ ನಿಂತು ಮುಗಿಯುವ ಮಾತಾಗಿರಲಿಲ್ಲ. ಒಳಗೆ ಕರೆದು ಕೂರಿಸಿ, ಸ್ಲೈಡನ್ನೇ ತೋರಿಸಿದೆ. ಸ್ತನ ಕ್ಯಾನ್ಸರಿನ ರಿಪೋರ್ಟ್ ಹಿಡಿದು ಇದೇ ಪ್ರಶ್ನೆ ಕೇಳುವವರು ತುಂಬ ಜನ. ಆವತ್ತು ಅವಳಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗೊಂದಲ ಹುಟ್ಟಿಸುವ ಅಂಕಿಗಳನ್ನು ಬೇರೆ ಮಾಡೋಣ. ಸ್ಟೇಜ್ ಅಂದರೆ ಕಾಯಿಲೆ ಎಷ್ಟು ದೂರ ಹೋಗಿದೆ ಎಂಬ ಲೆಕ್ಕ. ಗಡ್ಡೆ ಎಷ್ಟು ದೊಡ್ಡದು, ಕಂಕುಳಿನ ದುಗ್ಧರಸದ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿದೆಯೇ, ಶ್ವಾಸಕೋಶ, ಮೂಳೆ, ಯಕೃತ್ತಿಗೆ ಹರಡಿದೆಯೇ ಎಂಬುದನ್ನು ನೋಡಿ ಅದನ್ನು ನಿರ್ಧರಿಸುತ್ತಾರೆ. ಗ್ರೇಡ್ ಅಂದರೆ ಕ್ಯಾನ್ಸರ್ ಕೋಶಗಳು ನೋಡಲು ಎಷ್ಟು ಕೆಟ್ಟುಹೋಗಿವೆ ಎಂಬ ಲೆಕ್ಕ. ಅವು ಹಾಲುನಾಳದ ಹಾಗೆ ಕೊಳವೆಗಳನ್ನು ಕಟ್ಟುತ್ತಿವೆಯೇ, ಅವುಗಳ ಬೀಜಕಣ, ಅಂದರೆ ನ್ಯೂಕ್ಲಿಯಸ್, ಎಷ್ಟು ಅಂಕುಡೊಂಕಾಗಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ ಎಂದು ನೋಡಿ, ಒಂದೊಂದಕ್ಕೂ 1ರಿಂದ 3 ಅಂಕ ಕೊಡುತ್ತೇವೆ. ಮೂರನ್ನೂ ಕೂಡಿದಾಗ 8 ಅಥವಾ 9 ಬಂದರೆ ಗ್ರೇಡ್ 3. ಹುಡುಗಿ ಬೆರಳಿಟ್ಟಿದ್ದ ‘ಮೂರು ಪ್ಲಸ್’ ಇವೆರಡೂ ಅಲ್ಲ. ಅದು ಹರ್-2 ಎಂಬ ಒಂದೇ ಒಂದು ಪ್ರೋಟೀನ್ ಆ ಕೋಶಗಳ ಮೈಮೇಲೆ ಎಷ್ಟಿದೆ ಎಂಬ ಅಳತೆ. ಚಿಕ್ಕ ಗಡ್ಡೆಯಲ್ಲೂ, ಮೊದಲನೇ ಸ್ಟೇಜಿನಲ್ಲೂ ಮೂರು ಪ್ಲಸ್ ಬರಬಹುದು. ನಾಲ್ಕನೇ ಸ್ಟೇಜಿನಲ್ಲಿ ಸೊನ್ನೆಯೂ ಬರಬಹುದು.

ಹಾಗಾದರೆ ಒಂದು ಪ್ರೋಟೀನಿನ ಅಳತೆಗೆ ಇಷ್ಟೊಂದು ಮಹತ್ವ ಯಾಕೆ?

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಜೀನ್‌ಗಳು ಅದರಲ್ಲಿ ಸುಮಾರು 20,000. ಕಣ್ಣಿನ ಕೋಶ ಕಣ್ಣಿನದಾಗಿ, ಹಾಲುನಾಳದ ಕೋಶ ಹಾಲುನಾಳದ್ದಾಗಿ ಉಳಿದಿರುವುದು ಯಾವ ಜೀನ್ ಎಲ್ಲಿ ಎಷ್ಟು ದುಡಿಯಬೇಕು ಎಂಬ ಕಟ್ಟುಪಾಡಿನಿಂದ. ಜೀನ್‌ನಲ್ಲಿರುವ ಸೂಚನೆಯನ್ನು ಕೋಶ ಮೊದಲು ಎಂಆರ್‌ಎನ್‌ಎ ಎಂಬ ಚೀಟಿಗೆ ಇಳಿಸಿಕೊಳ್ಳುತ್ತದೆ, ಆ ಚೀಟಿ ನೋಡಿಕೊಂಡು ಪ್ರೋಟೀನ್ ಕಟ್ಟುತ್ತದೆ. ಎಷ್ಟು ಚೀಟಿ, ಎಷ್ಟು ಪ್ರೋಟೀನ್ ಎಂಬುದೇ ಆ ಜೀನ್‌ನ ದುಡಿಮೆ. ಆ ಬಗೆಯ ಕೋಶಕ್ಕೆ ಸಹಜವಾದದ್ದಕ್ಕಿಂತ ಇದು ಬಹಳ ಹೆಚ್ಚಾದರೆ ನಾವು ‘ಓವರ್‌ಎಕ್ಸ್‌ಪ್ರೆಶನ್’ ಎನ್ನುತ್ತೇವೆ. ಪಠ್ಯಪುಸ್ತಕದ ಕನ್ನಡದಲ್ಲಿ ಅದು ‘ಅತಿ ಅಭಿವ್ಯಕ್ತಿ’. ಮನೆಮಾತಿನಲ್ಲಿ ಹೇಳುವುದಾದರೆ, ಜೀನ್ ಮಿತಿಮೀರಿ ದುಡಿಯುತ್ತಿದೆ.

ಹೀಗಾಗಲು ದಾರಿಗಳು ಹಲವು. ಎರಡೇ ಇರಬೇಕಾದ ಜೀನ್‌ನ ಪ್ರತಿಗಳು ಹತ್ತಾಗಬಹುದು, ಐವತ್ತಾಗಬಹುದು. ಇದು ಆಂಪ್ಲಿಫಿಕೇಶನ್. ಪ್ರತಿಗಳು ಎರಡೇ ಇದ್ದು, ಅವನ್ನು ಚಾಲೂ ಮಾಡುವ ಸ್ವಿಚ್ ಆನ್ ಆಗಿಯೇ ಅಂಟಿಕೊಂಡಿರಬಹುದು. ಇಲ್ಲವೇ ತಯಾರಾದ ಪ್ರೋಟೀನ್ ಕಾಲಕಾಲಕ್ಕೆ ಒಡೆದು ಖಾಲಿಯಾಗುವ ಬದಲು ಉಳಿದುಕೊಂಡು ರಾಶಿಯಾಗಬಹುದು. ಜನ ಹೆಚ್ಚು ಕೇಳಿರುವ ಬಿಆರ್‌ಸಿಎ ಜೀನ್‌ನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಡಿಎನ್‌ಎ ಬರಹದ ಅಕ್ಷರ ಕೆಟ್ಟು ಜೀನ್ ಕೆಲಸವನ್ನೇ ನಿಲ್ಲಿಸಿರುತ್ತದೆ, ಆ ದೋಷ ಅಮ್ಮನಿಂದಲೋ ಅಪ್ಪನಿಂದಲೋ ಮಕ್ಕಳಿಗೆ ಬರಬಹುದು. ಹರ್-2ರಲ್ಲಿ ಸಾಮಾನ್ಯವಾಗಿ ಅಕ್ಷರ ಕೆಟ್ಟಿರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ಹಾಗೆ: ಉಪ್ಪು ಅದೇ, ಅಳತೆ ತಪ್ಪಿದೆ. ಈ ಹೆಚ್ಚಳ ಗಡ್ಡೆಯ ಕೋಶಗಳಲ್ಲಿ ಮಾತ್ರ ಆಗಿರುತ್ತದೆ, ಹುಟ್ಟಿನಿಂದ ಬಂದದ್ದಲ್ಲ. ಹಾಗಾಗಿ ಅಮ್ಮನಿಗೆ ಹರ್-2 ಪಾಸಿಟಿವ್ ಬಂತು ಎಂದು ಮಗಳು ತನ್ನ ರಕ್ತದಲ್ಲಿ ಹರ್-2 ಹುಡುಕಿಸಬೇಕಿಲ್ಲ. ಆ ಹುಡುಗಿ ಬಾಯಿಬಿಟ್ಟು ಕೇಳದೆ ಉಳಿಸಿಕೊಂಡಿದ್ದ ಎರಡನೇ ಪ್ರಶ್ನೆ ಇದೇ ಎಂದು ಆಮೇಲೆ ಗೊತ್ತಾಯಿತು.

ಈ ಜೀನ್ ಸಿಕ್ಕ ಕಥೆ ಶುರುವಾಗುವುದು ಇಲಿಗಳಿಂದ. ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ, ರಾಸಾಯನಿಕದಿಂದ ನರಗಡ್ಡೆ ಬಂದಿದ್ದ ಇಲಿಗಳ ಡಿಎನ್‌ಎ ತೆಗೆದು ಸಾಧಾರಣ ಕೋಶಗಳಿಗೆ ಹಾಕಿ ನೋಡುತ್ತಿದ್ದರು. ಅವು ಕ್ಯಾನ್ಸರ್ ಕೋಶಗಳಂತೆ ಬೆಳೆಯತೊಡಗಿದವು. ಭಾರತದಿಂದ ಅಲ್ಲಿಗೆ ಹೋಗಿದ್ದ ಲಕ್ಷ್ಮೀಚರಣ ಪಾಢಿ ಹಾಗೆ ಬದಲಾದ ಕೋಶಗಳಲ್ಲಿ ಮಾತ್ರ ಕಾಣುವ ಒಂದು ದೊಡ್ಡ ಪ್ರೋಟೀನನ್ನು ಗುರುತಿಸಿ 1982ರಲ್ಲಿ ಪ್ರಕಟಿಸಿದರು. ಮುಂದೆ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಈ ಕಥೆ ಹೇಳುವವರು ಅವರ ಹೆಸರನ್ನು ಬಿಟ್ಟೇಬಿಡುತ್ತಾರೆ ಎಂಬ ಬೇಸರ ನನಗೆ ಇದ್ದೇ ಇದೆ. ಆ ಪ್ರೋಟೀನಿನ ಜೀನ್‌ಗೆ ‘ನ್ಯೂ’ ಎಂದು ಹೆಸರಾಯಿತು. 1985ರಲ್ಲಿ ಜೆನೆಂಟೆಕ್ ಕಂಪನಿಯಲ್ಲಿ ಆಕ್ಸೆಲ್ ಉಲ್ರಿಚ್ ಅವರ ತಂಡ ಮನುಷ್ಯರ ಹರ್-2 ಜೀನನ್ನು ಬೇರ್ಪಡಿಸಿ ನೋಡಿದಾಗ, ಅದು ಇಲಿಯ ನ್ಯೂ ಜೀನ್‌ನದೇ ಮಾನವ ರೂಪ ಎಂದು ತಿಳಿಯಿತು. ನಮ್ಮಲ್ಲಿ ಅದರ ಜಾಗ 17ನೇ ಕ್ರೋಮೊಸೋಮು.

ಇಲ್ಲೊಂದು ತಿರುವಿದೆ. ಇಲಿಯ ಗಡ್ಡೆಯಲ್ಲಿ ನ್ಯೂ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟರಿಂದಲೇ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿ, ಅದು ಸದಾ ಚಾಲೂ ಸ್ಥಿತಿಯಲ್ಲಿ ಉಳಿದಿತ್ತು. ಮನುಷ್ಯರ ಸ್ತನದ ಗಡ್ಡೆಗಳಲ್ಲೂ ಅಂಥದೇ ಅಕ್ಷರದೋಷ ಇರಬೇಕು ಎಂದು ಹುಡುಕಿದವರಿಗೆ ಅದು ಸಿಗಲಿಲ್ಲ. ಸಿಕ್ಕಿದ್ದು ರಾಶಿ ಪ್ರತಿಗಳು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯ ಡೆನಿಸ್ ಸ್ಲೇಮನ್ ಮತ್ತು ಜೊತೆಗಾರರು 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ 1987ರಲ್ಲಿ ವರದಿ ಮಾಡಿದರು: ಅವುಗಳಲ್ಲಿ ಶೇಕಡ 30ರಷ್ಟರಲ್ಲಿ ಹರ್-2 ಜೀನ್ ಎರಡು ಪಟ್ಟಿನಿಂದ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿತ್ತು. ಕಂಕುಳಿನ ಗ್ರಂಥಿಗಳಿಗೆ ಹರಡಿದ್ದ ಹೆಂಗಸರಲ್ಲಿ, ಪ್ರತಿಗಳು ಹೆಚ್ಚಿದ್ದವರಿಗೆ ಕಾಯಿಲೆ ಬೇಗ ಮರುಕಳಿಸಿತ್ತು, ಅವರು ಬೇಗ ತೀರಿಕೊಂಡಿದ್ದರು. ಮುಂದೆ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಹರ್-2 ಪಾಸಿಟಿವ್ ಗಡ್ಡೆಗಳ ಪ್ರಮಾಣ ಶೇ. 15ರಿಂದ 20ಕ್ಕೆ ಬಂದು ನಿಂತಿದೆ. ಆದರೆ 1987ರ ಮುಖ್ಯ ಮಾತು ಹಾಗೆಯೇ ಉಳಿದಿದೆ. ಒಂದು ಜೀನ್ ಎಷ್ಟು ದುಡಿಯುತ್ತಿದೆ ಎಂಬುದರಿಂದ ರೋಗಿಯ ಮುಂದಿನ ದಿನಗಳನ್ನು ಅಂದಾಜು ಮಾಡಬಹುದು ಎಂದು ಅದು ತೋರಿಸಿತು.

ಕೋಶದ ಮೈಮೇಲೆ ನಡೆಯುವುದೇನು? ಹರ್ ಮನೆತನದಲ್ಲಿ ನಾಲ್ಕು ಪ್ರೋಟೀನ್‌ಗಳು. ಎಲ್ಲವೂ ಕೋಶದ ಪೊರೆಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ನಾಟಿಕೊಂಡಿರುತ್ತವೆ. ಹೊರಗಿನಿಂದ ‘ಬೆಳೆ’ ಎಂಬ ಸಂದೇಶ ಹೊತ್ತ ಅಣು ಬಂದು ಕೂತರೆ, ಎರಡು ಪ್ರೋಟೀನ್‌ಗಳು ಕೈಹಿಡಿದು ಜೋಡಿಯಾಗುತ್ತವೆ, ಒಳಗಿನ ಭಾಗ ಚುರುಕಾಗಿ ಸಂಕೇತ ಬೀಜಕಣದವರೆಗೆ ಹೋಗುತ್ತದೆ. ಸಂದೇಶ ಬರದಿದ್ದರೆ ಉಳಿದ ಮೂರೂ ಕೈ ಮಡಚಿಕೊಂಡಿರುತ್ತವೆ. ಹರ್-2 ಹಾಗಲ್ಲ. ಅದಕ್ಕೆ ತನ್ನದೇ ಆದ ಸಂದೇಶದ ಅಣುವೇ ಇಲ್ಲ, ಅದರ ಕೈ ಯಾವಾಗಲೂ ಚಾಚಿಕೊಂಡೇ ಇರುತ್ತದೆ. ಸಹಜ ಕೋಶದಲ್ಲಿ ಇದರಿಂದ ತೊಂದರೆಯಿಲ್ಲ. ಅಲ್ಲಿ ಸುಮಾರು 20,000 ಹರ್-2 ಪ್ರೋಟೀನ್‌ಗಳು ದೂರದೂರ ಚದುರಿಕೊಂಡಿರುತ್ತವೆ, ಒಂದಕ್ಕೊಂದು ಸಿಕ್ಕುವುದೇ ಅಪರೂಪ. ಜೀನ್ ಹಲವು ಪಟ್ಟಾದ ಕ್ಯಾನ್ಸರ್ ಕೋಶದಲ್ಲಿ ಇದು ಸುಮಾರು 20 ಲಕ್ಷದವರೆಗೂ ಏರುತ್ತದೆ. ಪೊರೆ ಜಾತ್ರೆಯಂತೆ ಕಿಕ್ಕಿರಿಯುತ್ತದೆ. ಚಾಚಿದ ಕೈಗಳು ಒಂದಕ್ಕೊಂದು ತಗುಲಿಕೊಳ್ಳುತ್ತವೆ, ಹೊರಗಿನಿಂದ ಯಾರೂ ಹೇಳದಿದ್ದರೂ ‘ಬೆಳೆ, ಒಡೆ, ಸಾಯಬೇಡ’ ಎಂಬ ಸಂಕೇತ ಒಳಗೆ ಹರಿಯುತ್ತಲೇ ಇರುತ್ತದೆ. ಹರ್-3ರ ಜೊತೆ ಕಟ್ಟಿಕೊಂಡ ಜೋಡಿಯಂತೂ ಎಲ್ಲಕ್ಕಿಂತ ಬಲವಾದದ್ದು. ಇಲಿಯಲ್ಲಿ ಅಕ್ಷರದೋಷ ಮಾಡಿದ ಕೆಲಸವನ್ನು ಮನುಷ್ಯರಲ್ಲಿ ಬರೀ ನೂಕುನುಗ್ಗಲು ಮಾಡಿತು.

ಸಂಬಂಧ ಕಂಡಮಾತ್ರಕ್ಕೆ ಕಾರಣ ಸಿಕ್ಕಿತು ಎನ್ನಲಾಗದು, ಅದನ್ನೂ ಪರೀಕ್ಷೆ ಮಾಡಿದ್ದಾರೆ. ಒಂದು ಅಕ್ಷರವೂ ಕೆಡದ ಹರ್-2 ಜೀನನ್ನು ಪ್ರಯೋಗಾಲಯದ ಕೋಶಗಳಿಗೆ ಹಾಕಿ ಬಹಳ ಹೆಚ್ಚು ಪ್ರೋಟೀನ್ ತಯಾರಾಗುವಂತೆ ಮಾಡಿದಾಗ, ಆ ಕೋಶಗಳು ಕ್ಯಾನ್ಸರಿನ ಗುಣ ತೋರಿಸಿದವು. ಇದೂ 1987ರ ಕೆಲಸವೇ. ಆ ಪ್ರೋಟೀನಿಗೆ ಅಡ್ಡ ಬರುವ ಪ್ರತಿಕಾಯ (ಆಂಟಿಬಾಡಿ) ಹಾಕಿದಾಗ ಬೆಳವಣಿಗೆ ಕುಗ್ಗಿತು. ಹೆಚ್ಚಿಸಿದರೆ ಕಾಯಿಲೆ, ತಡೆದರೆ ಇಳಿತ: ಎರಡೂ ಒಟ್ಟಿಗೆ ಕಂಡಾಗಲೇ ಕಾರಣ ಎನ್ನುವ ಧೈರ್ಯ ಬರುವುದು. 17ನೇ ಕ್ರೋಮೊಸೋಮಿನಲ್ಲಿ ಹರ್-2 ಪಟ್ಟು ಪಟ್ಟಾಗುವಾಗ ಅಕ್ಕಪಕ್ಕದ ಹಲವು ಜೀನ್‌ಗಳೂ ಅದರ ಜೊತೆ ಹೆಚ್ಚಾಗಿರುತ್ತವೆ. ಅವೂ ಅತಿಯಾಗಿ ದುಡಿಯುತ್ತಿರಬಹುದು. ಆದರೆ ಅವುಗಳಲ್ಲಿ ಬಹಳಷ್ಟು, ತೇರಿನ ಹಗ್ಗ ಹಿಡಿದವರಲ್ಲ, ಜೊತೆಗೆ ನಡೆದು ಬಂದವು. ‘ಸ್ತನ ಕ್ಯಾನ್ಸರಿನಲ್ಲಿ ಇಂಥ ಜೀನ್ ಹೆಚ್ಚಾಗಿರುವುದು ಪತ್ತೆ’ ಎಂಬ ಸುದ್ದಿ ಓದಿದಾಗಲೆಲ್ಲ ಆ ಜೀನ್ ಹಗ್ಗ ಎಳೆಯುತ್ತಿದೆಯೇ, ಪಕ್ಕದಲ್ಲಿ ನಡೆಯುತ್ತಿದೆಯೇ ಎಂದು ನಾನು ಮೊದಲು ಹುಡುಕುತ್ತೇನೆ.

ಇನ್ನು ಸೂಕ್ಷ್ಮದರ್ಶಕದ ಕೆಳಗೆ ಬರೋಣ, ನನ್ನ ದಿನ ಕಳೆಯುವುದೇ ಅಲ್ಲಿ. ಜೀನ್‌ನ ದುಡಿಮೆ ಬರೀ ಅಂಕಿಯಾಗಿ ಉಳಿಯುವುದಿಲ್ಲ, ಅಂಗಾಂಶದ ಚೆಹರೆಯೇ ಬದಲಾಗುತ್ತದೆ. ಹರ್-2 ಹೆಚ್ಚಿರುವ ಗಡ್ಡೆಗಳು ಬಹುಮಟ್ಟಿಗೆ ಹೆಚ್ಚಿನ ಗ್ರೇಡಿನವು. ದೊಡ್ಡ ದೊಡ್ಡ ಬೀಜಕಣಗಳು, ಎತ್ತ ನೋಡಿದರತ್ತ ಒಡೆಯುತ್ತಿರುವ ಕೋಶಗಳು. ಇನ್ನೂ ನಾಳದೊಳಗೇ ಉಳಿದಿರುವ, ಹೊರಗೆ ನುಗ್ಗದ ಕ್ಯಾನ್ಸರಿನಲ್ಲೂ ಇದರ ಗುರುತು ಸಿಗುತ್ತದೆ. ನಾಳ ತುಂಬಿ ಉಬ್ಬಿ, ನಡುವಿನ ಕೋಶಗಳು ಸತ್ತು, ಅಲ್ಲಿ ಸುಣ್ಣದಂಶ ಕಟ್ಟಿಕೊಂಡಿರುತ್ತದೆ. ಮ್ಯಾಮೊಗ್ರಾಮ್‌ನಲ್ಲಿ ಬಿಳಿ ಚುಕ್ಕೆಗಳ ಸಾಲಾಗಿ ಕಾಣುವುದು ಅನೇಕ ಸಲ ಈ ಸುಣ್ಣವೇ. ಮೊಲೆತೊಟ್ಟಿನ ಸುತ್ತ ಇಸುಬಿನಂತೆ ಕಾಣುವ ಪ್ಯಾಜೆಟ್ ಕಾಯಿಲೆಯಲ್ಲಿ, ಚರ್ಮದ ಪದರದೊಳಗೆ ಕ್ಯಾನ್ಸರ್ ಕೋಶಗಳು ಒಂದೊಂದಾಗಿ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಬಹುಪಾಲು ಹರ್-2 ಪಾಸಿಟಿವ್. ಒಂದೇ ಕಡೆಯ ತೊಟ್ಟಿನ ಮೇಲೆ ವಾಸಿಯಾಗದ ಇಸುಬು ಇದ್ದು, ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಸರ್ಜನ್‌ಗೆ ತೋರಿಸಿ.

ಜೀನ್ ಸುಮ್ಮನಾದರೂ ಚೆಹರೆ ಬದಲಾಗುತ್ತದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಾಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ, ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಸಾಮಾನ್ಯವಾಗಿ ಇಲ್ಲವಾಗಿರುತ್ತದೆ. ಅಂಟು ಇಲ್ಲದ ಕೋಶಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ನಡೆದುಹೋಗುತ್ತವೆ. ಗಂಟು ಕೈಗೆ ಸರಿಯಾಗಿ ಸಿಗುವುದಿಲ್ಲ, ಮ್ಯಾಮೊಗ್ರಾಮ್‌ನಲ್ಲೂ ತಪ್ಪಿಸಿಕೊಳ್ಳುತ್ತದೆ.

ಈಗ ಅಳತೆಯ ವಿಷಯ. ಸೂಜಿಯಲ್ಲಿ ತೆಗೆದ ತುಣುಕು ಶಾವಿಗೆ ಎಳೆಯಷ್ಟೇ ಇರುತ್ತದೆ. ಅದನ್ನು ಫಾರ್ಮಲಿನ್‌ನಲ್ಲಿಟ್ಟು ಗಟ್ಟಿಮಾಡಿ, ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸುತ್ತೇವೆ. ಆ ಮೇಣದ ತುಂಡೇ ಬ್ಲಾಕ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು ತೆಳುವಾಗಿ ಅದನ್ನು ಕತ್ತರಿಸಿ, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುತ್ತೇವೆ. ಮೇಲೆ ಹರ್-2ಕ್ಕೆ ಮಾತ್ರ ಹೋಗಿ ಅಂಟುವ ಪ್ರತಿಕಾಯ ಹಾಕುತ್ತೇವೆ, ಅದು ಅಂಟಿದ ಕಡೆ ಕಂದು ಬಣ್ಣ ಹುಟ್ಟುವಂತೆ ಮಾಡುತ್ತೇವೆ. ಇದೇ ಐಎಚ್‌ಸಿ. ಬಣ್ಣವೇ ಇಲ್ಲದಿದ್ದರೆ ಸೊನ್ನೆ. ಕಂಡೂ ಕಾಣದ ಹಾಗೆ, ಪೊರೆಯ ಒಂದಿಷ್ಟು ಭಾಗದಲ್ಲಿ ಮಾತ್ರ ಬಣ್ಣವಿದ್ದರೆ ಒಂದು ಪ್ಲಸ್. ಸುತ್ತಲೂ ಬಣ್ಣವಿದೆ, ಆದರೆ ತಿಳಿ ಅಥವಾ ನಡುಮಟ್ಟದ್ದು ಎಂದರೆ ಎರಡು ಪ್ಲಸ್. ಮೂರು ಪ್ಲಸ್ ಎನ್ನಬೇಕಾದರೆ ಗಡ್ಡೆಯ ಶೇ. 10ಕ್ಕಿಂತ ಹೆಚ್ಚು ಕೋಶಗಳಲ್ಲಿ ಪೊರೆಯ ಸುತ್ತಲೂ ಬಿಡುವಿಲ್ಲದೆ ಗಾಢ ಕಂದು ಇರಬೇಕು.

ಆ ಹುಡುಗಿಗೆ ತೋರಿಸಿದ್ದು ಅದನ್ನೇ. ಮೊದಲು ಕಣ್ಣಿಟ್ಟಾಗ ಅವಳಿಗೆ ಏನೂ ತಿಳಿಯಲಿಲ್ಲ. ಫೋಕಸ್ ಸರಿಮಾಡಿ ಕೊಟ್ಟೆ. “ಕೋಳಿಗೂಡಿನ ಜಾಲರಿ ಥರ ಇದೆ” ಎಂದಳು. ಯಾರೂ ಹೇಳಿಕೊಡದೆ ಅವಳು ಆಡಿದ ಮಾತು ನಮ್ಮ ವೃತ್ತಿಯವರು ಬಳಸುವುದೇ. ಒಂದೊಂದು ಕೋಶದ ಸುತ್ತಲೂ ಕಡುಕಂದು ಗೆರೆ, ಗೆರೆಗೆ ಗೆರೆ ಸೇರಿ ಜಾಲರಿ. ಅದೇ ಸ್ಲೈಡಿನ ಅಂಚಿನಲ್ಲಿ ಒಂದು ಸಹಜ ಹಾಲುನಾಳ ಉಳಿದಿತ್ತು. ಅದರ ಕೋಶಗಳ ಮೇಲೆ ಗೆರೆಯೇ ಇಲ್ಲ, ಬರೀ ನೀಲಿ ಬೀಜಕಣಗಳು. ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡು ಪ್ಲಸ್ ಬಂದವರ ಪಾಡು ಬೇರೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಆಗ ಪ್ರೋಟೀನ್ ಬಿಟ್ಟು ಜೀನನ್ನೇ ಎಣಿಸಬೇಕು. ಆ ಪರೀಕ್ಷೆಯ ಹೆಸರು ಫಿಶ್. ಕತ್ತಲೆ ಕೋಣೆಯಲ್ಲಿ ಬೀಜಕಣಗಳೊಳಗೆ ಹರ್-2 ಜೀನ್‌ಗಳು ಕೆಂಪು ಚುಕ್ಕೆಯಾಗಿ, 17ನೇ ಕ್ರೋಮೊಸೋಮಿನ ನಡುಭಾಗ ಹಸಿರು ಚುಕ್ಕೆಯಾಗಿ ಹೊಳೆಯುತ್ತವೆ. ಸಹಜವಾದರೆ ಎರಡು ಕೆಂಪು, ಎರಡು ಹಸಿರು. ಜೀನ್ ಹೆಚ್ಚಾಗಿದ್ದರೆ ಎರಡು ಹಸಿರಿನ ಪಕ್ಕ ಕೆಂಪು ಚುಕ್ಕೆಗಳು ಮುತ್ತುಗದ ಹೂವಿನಂತೆ ಗೊಂಚಲು ಗೊಂಚಲು. ಕೆಂಪು ಹಸಿರಿನ ಎರಡು ಪಟ್ಟು ಅಥವಾ ಹೆಚ್ಚಿದ್ದು, ಕೋಶಕ್ಕೆ ಸರಾಸರಿ ನಾಲ್ಕು ಅಥವಾ ಹೆಚ್ಚು ಕೆಂಪು ಇದ್ದರೆ ಪಾಸಿಟಿವ್. ಈ ಪರೀಕ್ಷೆ ದುಬಾರಿ, ಎಲ್ಲ ಊರಲ್ಲೂ ಇಲ್ಲ. ಬ್ಲಾಕನ್ನು ಬೇರೆ ಊರಿಗೆ ಕಳಿಸಿ ಕಾಯಬೇಕಾಗುತ್ತದೆ. ಕಾಯುವುದು ಕಷ್ಟ ನಿಜ. ಆದರೆ ಎರಡು ಪ್ಲಸ್ ಬಂದಾಗ ಫಿಶ್ ಮಾಡಿಸದೆ ಚಿಕಿತ್ಸೆ ಶುರುಮಾಡಿದರೆ, ಬೇಕಾದವರಿಗೆ ಹರ್-2 ತಡೆಯುವ ಔಷಧ ತಪ್ಪಿಹೋಗಬಹುದು, ಅದು ಬೇಡದವರ ಹೃದಯಕ್ಕೆ ಸುಮ್ಮನೆ ಪೆಟ್ಟಾಗಬಹುದು.

ಈ ಇಡೀ ಅಳತೆ ನಿಂತಿರುವುದು ಒಂದು ಸಣ್ಣ ಶಿಸ್ತಿನ ಮೇಲೆ. ಅದರ ಬಗ್ಗೆ ಹೊರಗೆ ಯಾರೂ ಮಾತಾಡುವುದಿಲ್ಲ. ಮೈಯಿಂದ ತೆಗೆದ ತುಣುಕು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ತಡವಾದರೆ ಕೋಶದ ಪ್ರೋಟೀನ್‌ಗಳು ಕೆಡತೊಡಗುತ್ತವೆ, ಡಬ್ಬಿಯಲ್ಲಿ ದಿನಗಟ್ಟಲೆ ಉಳಿದರೆ ಪ್ರತಿಕಾಯ ಹಿಡಿಯುವ ಜಾಗಗಳೇ ಮುಚ್ಚಿಹೋಗುತ್ತವೆ. ಒಮ್ಮೆ ನಮಗೆ ದೂರದ ಊರೊಂದರಿಂದ ಇಡೀ ಸ್ತನದ ಗಡ್ಡೆ ಬಂತು. ಕತ್ತರಿಸದೆ ಹಾಗೇ ಡಬ್ಬಿಗೆ ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್ ಸುರಿದಿದ್ದರು. ದ್ರವ ಒಳಗೆ ಇಳಿದೇ ಇರಲಿಲ್ಲ. ಕೊಯ್ದಾಗ ನಡುಭಾಗ ಮೆತ್ತಗಾಗಿ ಕೊಳೆತ ವಾಸನೆ ಬರುತ್ತಿತ್ತು. ಹರ್-2 ಸೊನ್ನೆ ಬಂತು, ಹಾರ್ಮೋನನ್ನು ಹಿಡಿಯುವ ಪ್ರೋಟೀನ್‌ಗಳಾದ ರಿಸೆಪ್ಟರುಗಳೂ ಸೊನ್ನೆ. ಆ ಸೊನ್ನೆಯನ್ನು ನಂಬಲು ನನಗೆ ಸಾಧ್ಯವಾಗಲಿಲ್ಲ. ಮೊದಲಿನ ಸೂಜಿ ಬಯಾಪ್ಸಿಯ ಬ್ಲಾಕ್ ತರಿಸಿ ಮತ್ತೆ ಮಾಡಿದಾಗ ಹರ್-2 ಮೂರು ಪ್ಲಸ್. ಮೊದಲ ಸೊನ್ನೆಯನ್ನೇ ರಿಪೋರ್ಟಿಗೆ ಬರೆದಿದ್ದರೆ ಆ ತಾಯಿಗೆ ಸಿಗಬೇಕಾದ ಔಷಧ ಸಿಗುತ್ತಿರಲಿಲ್ಲ, ತಪ್ಪಿದ್ದು ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಇಂದಿಗೂ ಡಬ್ಬಿಯ ಮೇಲೆ ಗಡ್ಡೆ ತೆಗೆದ ಸಮಯ ಬರೆದಿದೆಯೇ ಎಂದು ನೋಡದೆ ನಾನು ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಸಿಗಬೇಕಾದ ಆ ಔಷಧ ಟ್ರಾಸ್ಟುಜುಮ್ಯಾಬ್. ಇಲಿಜಾತಿಯ ಪ್ರತಿಕಾಯವೊಂದನ್ನು ಮನುಷ್ಯರ ದೇಹ ಒಪ್ಪುವಂತೆ ಮಾರ್ಪಡಿಸಿ ಮಾಡಿದ್ದು. ಪೊರೆಯ ಹೊರಗೆ ಚಾಚಿರುವ ಹರ್-2ಕ್ಕೆ ಅಂಟಿ ಅದರ ಸಂಕೇತವನ್ನು ಕುಗ್ಗಿಸುತ್ತದೆ, ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. ಲ್ಯಾಬಿನಲ್ಲಿ ನಾವು ಕಂದು ಬಣ್ಣ ಬರಿಸಲು ಪ್ರತಿಕಾಯ ಹಾಕುತ್ತೇವಲ್ಲ, ಅದರದೇ ಬಳಗದ್ದು ಇಲ್ಲಿ ರಕ್ತನಾಳದ ಮೂಲಕ ಹೋಗುತ್ತದೆ. ಅಮೆರಿಕದಲ್ಲಿ ಇದಕ್ಕೆ 1998ರಲ್ಲಿ ಅನುಮತಿ ಸಿಕ್ಕಿತು. ಕಾಯಿಲೆ ಹರಡಿದ್ದ 469 ಹೆಂಗಸರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕೀಮೋ ಮಾತ್ರ ಪಡೆದವರಲ್ಲಿ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ಜನ ದಾಟಿದ ಅವಧಿ) 20.3 ತಿಂಗಳು, ಜೊತೆಗೆ ಈ ಔಷಧ ಪಡೆದವರಲ್ಲಿ 25.1 ತಿಂಗಳು. ಐದು ತಿಂಗಳು ಮಾತ್ರವೇ ಎನಿಸಬಹುದು. ಆದರೆ ಅದೇ ಔಷಧವನ್ನು ಕಾಯಿಲೆ ಹರಡುವ ಮೊದಲೇ, ಆಪರೇಶನ್ ಆದವರಿಗೆ ಕೊಟ್ಟ ಫಲಿತಾಂಶ 2005ರಲ್ಲಿ ಬಂದಾಗ, ಮರುಕಳಿಸುವಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 1987ರಲ್ಲಿ ಕೆಟ್ಟ ಸುದ್ದಿಯಾಗಿದ್ದ ಮೂರು ಪ್ಲಸ್, ಹದಿನೆಂಟು ವರ್ಷಗಳಲ್ಲಿ ಚಿಕಿತ್ಸೆಗೆ ಹಿಡಿಕೆಯಾಯಿತು. ಹೃದಯದ ಸ್ನಾಯು ಕೋಶಗಳಿಗೂ ಹರ್-2 ಬೇಕು, ಆದ್ದರಿಂದ ಈ ಔಷಧ ಹೃದಯದ ಬಲ ಕುಗ್ಗಿಸಬಹುದು. ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಿ ಎಂದು ಹೇಳುವುದು ಅದಕ್ಕೇ, ಅದನ್ನು ತಪ್ಪಿಸಬೇಡಿ.

ನಮ್ಮ ದೇಶದಲ್ಲಿ ಬಹಳ ಕಾಲ ಅಡ್ಡವಾಗಿ ನಿಂತದ್ದು ಬೆಲೆ. ರಿಪೋರ್ಟಿನಲ್ಲಿ ಮೂರು ಪ್ಲಸ್ ಬರೆದು ಕೊಟ್ಟರೂ, ಹೊಲ ಮಾರಿದರೂ ವರ್ಷಪೂರ್ತಿ ಔಷಧಕ್ಕೆ ಸಾಲದು ಎನ್ನುವ ಮನೆಗಳಿದ್ದವು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರ್ ರೂಪವನ್ನು, ಅಂದರೆ ಮೂಲದ್ದಕ್ಕೆ ಸರಿಸಾಟಿಯಾದದ್ದನ್ನು, ಕಡಿಮೆ ಬೆಲೆಗೆ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟ ಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ಕೂಡ ಬಯೋಕಾನ್ ಮತ್ತು ಮೈಲಾನ್ ಸೇರಿ ಮಾಡಿದ್ದು. ಆಮೇಲೆ ಇನ್ನೂ ಹಲವು ಕಂಪನಿಗಳು ಬಂದವು, ಬೆಲೆ ಇಳಿಯಿತು. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾದವರು ಸುಮಾರು 1.92 ಲಕ್ಷ, ತೀರಿಕೊಂಡವರು ಸುಮಾರು 98 ಸಾವಿರ. ಇಷ್ಟು ಜನರ ನಡುವೆ ಬೆಲೆ ಇಳಿಯುವುದೂ ಚಿಕಿತ್ಸೆಯ ಭಾಗವೇ.

2022ರಲ್ಲಿ ನಮ್ಮ ಕೆಲಸವನ್ನೇ ಅಲ್ಲಾಡಿಸಿದ ಒಂದು ಫಲಿತಾಂಶ ಬಂತು. ಟ್ರಾಸ್ಟುಜುಮ್ಯಾಬ್ ಬೆನ್ನಿಗೆ ಬಲವಾದ ಕೀಮೋ ಅಣುಗಳನ್ನು ಕಟ್ಟಿದ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟಿಕ್ಯಾನ್ ಎಂಬ ಔಷಧವನ್ನು, ಕಾಯಿಲೆ ಹರಡಿದ್ದ ‘ಒಂದು ಪ್ಲಸ್’ ರೋಗಿಗಳಿಗೂ, ‘ಎರಡು ಪ್ಲಸ್ ಆದರೆ ಫಿಶ್ ನೆಗೆಟಿವ್’ ರೋಗಿಗಳಿಗೂ ಕೊಟ್ಟು ನೋಡಿದರು. ಬದುಕಿನ ಮಧ್ಯಮ ಅವಧಿ 16.8 ತಿಂಗಳಿನಿಂದ 23.4ಕ್ಕೆ ಏರಿತು. ಇಲ್ಲಿ ಹರ್-2 ಕಾಯಿಲೆ ನಡೆಸುತ್ತಿರಲಿಲ್ಲ. ಔಷಧ ಹೊತ್ತ ಗಾಡಿ ಬಂದು ನಿಲ್ಲಲು ಒಂದು ಬಾಗಿಲ ಸಂಖ್ಯೆಯಾಗಿ ಮಾತ್ರ ಅದು ಬೇಕಾಗಿತ್ತು. ಮೊದಲೆಲ್ಲ ಸೊನ್ನೆ, ಒಂದು ಪ್ಲಸ್ ಎರಡನ್ನೂ ‘ನೆಗೆಟಿವ್’ ಎಂದು ಬರೆದು ಮುಗಿಸುತ್ತಿದ್ದೆವು. ಈಗ ಕಂಡೂ ಕಾಣದ ಆ ತಿಳಿಗಂದು ಗೆರೆಗೂ ಒಬ್ಬರ ಚಿಕಿತ್ಸೆ ಅಂಟಿಕೊಂಡಿದೆ. ಹಳೆಯ ರಿಪೋರ್ಟಿನಲ್ಲಿ ಬರೀ ‘ಹರ್-2 ನೆಗೆಟಿವ್’ ಎಂದಿದ್ದು ಈಗ ಕಾಯಿಲೆ ಹರಡಿದ್ದರೆ, ಎಷ್ಟು ಪ್ಲಸ್ ಇತ್ತು ಎಂದು ಕೇಳಿ.

ಹೆಚ್ಚು ದುಡಿಯುವ ಜೀನ್ ಅಂದರೆ ಕೆಟ್ಟದ್ದೇ ಎಂದುಕೊಳ್ಳಬಾರದು. ಸ್ತನ ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಈಸ್ಟ್ರೋಜೆನ್ ರಿಸೆಪ್ಟರ್ ಅಂದರೆ ಇಆರ್ ಪಾಸಿಟಿವ್. ಸಹಜ ಸ್ತನದಲ್ಲಿ ಈ ರಿಸೆಪ್ಟರ್ ಕೆಲವೇ ಕೋಶಗಳಲ್ಲಿರುತ್ತದೆ, ಅವು ಸಾಮಾನ್ಯವಾಗಿ ತಾವೇ ಒಡೆಯುವುದಿಲ್ಲ. ಕ್ಯಾನ್ಸರಿನಲ್ಲಿ ಆ ಕಟ್ಟಳೆ ಮುರಿದು, ಇಆರ್ ಇರುವ ಕೋಶಗಳೇ ಒಡೆಯತೊಡಗುತ್ತವೆ. ಆದರೂ ಇಆರ್ ಗಾಢವಾಗಿರುವ ಗಡ್ಡೆ ಒಟ್ಟಾರೆ ಸೌಮ್ಯ, ಹಾರ್ಮೋನ್ ತಡೆಯುವ ಮಾತ್ರೆಗೆ ಬಗ್ಗುವಂಥದು. 1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದು ಕೆಲವರ ಸ್ತನ ಕ್ಯಾನ್ಸರ್ ಕುಗ್ಗಿಸಿದ್ದನ್ನು ಪ್ರಕಟಿಸಿದಾಗ ರಿಸೆಪ್ಟರ್ ಎಂಬ ಮಾತೇ ಹುಟ್ಟಿರಲಿಲ್ಲ. ಇನ್ನೊಂದು ಎಡವುವ ಜಾಗ ಪಿ53 ಎಂಬ ಪ್ರೋಟೀನ್. ಸ್ಲೈಡಿನಲ್ಲಿ ಅದು ಗಾಢವಾಗಿ ಕಂಡರೆ ಜೀನ್ ಹೆಚ್ಚು ದುಡಿಯುತ್ತಿದೆ ಎಂದಲ್ಲ. ಅಕ್ಷರ ಕೆಟ್ಟ ಪ್ರೋಟೀನ್ ಸರಿಯಾಗಿ ಒಡೆಯದೆ ಗುಡ್ಡೆಯಾಗಿದೆ ಎಂದು.

2000ದಲ್ಲಿ ಚಾರ್ಲ್ಸ್ ಪೆರೂ ಮತ್ತು ಜೊತೆಗಾರರು ಎಂಟು ಸಾವಿರಕ್ಕೂ ಹೆಚ್ಚು ಜೀನ್‌ಗಳ ದುಡಿಮೆಯನ್ನು 42 ಜನರ ಸ್ತನದ ಮಾದರಿಗಳಲ್ಲಿ ಒಟ್ಟಿಗೆ ಅಳೆದರು. ಹೊರಗೆ ಒಂದೇ ಹೆಸರಿನ ಕಾಯಿಲೆ ಒಳಗೆ ಹಲವು ಬೇರೆ ಬೇರೆ ಕಾಯಿಲೆಗಳಾಗಿ ಬೇರ್ಪಟ್ಟಿತು. ಲ್ಯುಮಿನಲ್, ಬೇಸಲ್, ಹರ್-2 ಬಳಗ ಎಂಬ ಮಾತುಗಳು ಬಂದದ್ದು ಅಲ್ಲಿಂದ. 21 ಜೀನ್‌ಗಳ ದುಡಿಮೆ ನೋಡಿ ಕೀಮೋ ಬೇಕೇ ಬೇಡವೇ ಎಂದು ಹೇಳುವ ಆಂಕೊಟೈಪ್ ಪರೀಕ್ಷೆ ಅದೇ ದಾರಿಯದು. ಬೆಂಗಳೂರಿನ ಆಂಕೊಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಐದು ಪ್ರೋಟೀನ್‌ಗಳನ್ನು ಐಎಚ್‌ಸಿಯಲ್ಲೇ ಅಳೆದು ಇಂಥದೇ ಅಂದಾಜು ಕೊಡುತ್ತದೆ. ಇವೆರಡೂ ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಇರುವ ಆರಂಭದ ಕಾಯಿಲೆಗೆ. ಆ ಹುಡುಗಿಯ ತಾಯಿಗೆ ಇವು ಬೇಕಿರಲಿಲ್ಲ.

ಹೊರಡುವಾಗ ಅವಳು ಇನ್ನೇನು ಮಾಡಬೇಕು ಎಂದು ಕೇಳಿದಳು. ಚಿಕಿತ್ಸೆಯನ್ನು ಮನೆಗೆ ಹತ್ತಿರದ ದೊಡ್ಡ ಊರಿನಲ್ಲಿ ಶುರುಮಾಡುವವರಿದ್ದರು. ನಾನು ಬ್ಲಾಕ್ ತರಿಸಿ ಅವಳ ಅಂಗೈ ಮೇಲಿಟ್ಟೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ನಡುವೆ ಬಿಳಿ ಮೇಣ, ಮೇಣದೊಳಗೆ ಎಳೆ ಎಳೆಯಾಗಿ ಅಮ್ಮನ ಮೈಯ ತುಣುಕು. “ನಾಳೆ ಇನ್ನೊಂದು ಪರೀಕ್ಷೆ ಬಂದರೂ ಇದರಲ್ಲೇ ಮಾಡಬಹುದು, ಮತ್ತೆ ಚುಚ್ಚಬೇಕಾಗಿಲ್ಲ. ಬಿಸಿಲಿಗೆ ಇಡಬೇಡ, ಮೇಣ ಕರಗುತ್ತದೆ” ಎಂದೆ. ಮಗಳು ಅದನ್ನು ಕರ್ಚೀಫಿನಲ್ಲಿ ಸುತ್ತಿ, ರಿಪೋರ್ಟಿನ ಫೈಲಿನಲ್ಲಿ ಹಾಕದೆ, ತನ್ನ ಪರ್ಸಿನೊಳಗೆ ಇಟ್ಟುಕೊಂಡಳು.